ಬಂಡೆಯ ಮೈಮೇಲಿನ ಬಣ್ಣಗಳು

ಪ್ರಶ್ನೆ: ನಾವು ನಾಲ್ವರು ಸ್ನೇಹಿತರು ರಜೆ ಸಿಕ್ಕಾಗಲೆಲ್ಲ ರಾಮನಗರ, ಸಾವನದುರ್ಗ, ಮಧುಗಿರಿ ಕಡೆಯ ಬೆಟ್ಟಗಳಿಗೆ ಹೋಗುತ್ತೇವೆ. ಒಬ್ಬರ ಹತ್ತಿರ ಕ್ಯಾಮೆರಾ ಇದೆ, ಉಳಿದವರದು ಮೊಬೈಲು. ಪ್ರಾಣಿ, ಪಕ್ಷಿ ಸಿಗುವುದು ಅಪರೂಪ. ಹಾಗಾಗಿ ಬಂಡೆಗಳ ಮೇಲಿನ ಬಿಳಿ, ಬೂದು, ಹಸಿರು, ಕಿತ್ತಳೆ ಮಚ್ಚೆಗಳ ಫೋಟೋ ತೆಗೆಯುತ್ತ ಕೂರುತ್ತೇವೆ. ಇವು ಬೂಷ್ಟೇ, ಪಾಚಿಯೇ, ಅಥವಾ ಕಲ್ಲಿನದೇ ಬಣ್ಣವೇ? ಮಸಾಲೆಗೆ ಹಾಕುವ ಕಲ್ಲುಹೂವು ಇದೇನಾ? ಇವು ಬಂಡೆಯನ್ನು ತಿಂದು ಹಾಕುತ್ತವೆ ಎನ್ನುವುದು ನಿಜವೇ? ಫೋಟೋ ತೆಗೆಯುವಾಗ ಏನೇನು ಗಮನಿಸಬೇಕು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಪ್ರಾಣಿ ಸಿಗಲಿಲ್ಲ, ಅದಕ್ಕೇ ಮಚ್ಚೆಗಳನ್ನು ನೋಡಿದೆವು ಎಂದು ಬರೆದಿದ್ದೀರಿ. ನನ್ನ ಅನುಭವದಲ್ಲಿ ಬಂಡೆ ಬೆಟ್ಟಗಳಲ್ಲಿ ಈ ಕ್ರಮವನ್ನು ತಿರುಗಿಸಿಕೊಂಡರೆ ಒಳ್ಳೆಯದು. ಮೊದಲು ಮಚ್ಚೆ ನೋಡಬೇಕು, ಆಮೇಲೆ ಪ್ರಾಣಿಯನ್ನು ಹುಡುಕಬೇಕು. ಮಳೆನೀರು ಎಲ್ಲಿ ಹರಿಯುತ್ತದೆ, ಬಿಸಿಲು ಯಾವ ಮಗ್ಗುಲಿಗೆ ಹೆಚ್ಚು ಬೀಳುತ್ತದೆ, ಹಕ್ಕಿ ಎಲ್ಲಿ ಬಂದು ಕೂರುತ್ತದೆ ಎಂಬುದೆಲ್ಲ ಬಂಡೆಯ ಮೈಮೇಲೆ ಬಣ್ಣದಲ್ಲೇ ಬರೆದಿರುತ್ತದೆ. ಅದನ್ನು ಓದಲು ಕಲಿತವರಿಗೆ ಓತಿಕ್ಯಾತ ಯಾವ ಗುಂಡಿನ ಮೇಲೆ ಇದ್ದೀತು, ಗೂಬೆ ಯಾವ ಸಂದಿನಲ್ಲಿ ಕೂತೀತು ಎಂಬ ಅಂದಾಜು ತಾನಾಗಿ ಬರುತ್ತದೆ.

ನೀವು ಹೇಳಿದ ಬಣ್ಣಗಳಲ್ಲಿ ಹೆಚ್ಚಿನವು ಕಲ್ಲುಹೂವು ಜಾತಿಯವು. ಅವು ಬರೀ ಬೂಷ್ಟೂ ಅಲ್ಲ, ಬರೀ ಪಾಚಿಯೂ ಅಲ್ಲ. ಎರಡೂ ಕೂಡಿ ನಡೆಸುವ ಸಂಸಾರ. ಮೈ ಕಟ್ಟುವುದು ಶಿಲೀಂಧ್ರ. ಅದರ ಎಳೆಗಳ ನಡುವೆ ಹಸಿರು ಪಾಚಿಯ ಅಥವಾ ಸಯನೋಬ್ಯಾಕ್ಟೀರಿಯಾದ ಕೋಶಗಳು ಸೇರಿಕೊಂಡು ಬಿಸಿಲಿನಿಂದ ಆಹಾರ ತಯಾರಿಸಿ ಕೊಡುತ್ತವೆ. ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ 1860ರ ದಶಕದ ಕೊನೆಯಲ್ಲಿ ಈ ಮಾತು ಹೇಳಿದಾಗ ಆ ಕಾಲದ ದೊಡ್ಡ ದೊಡ್ಡ ತಜ್ಞರೇ ಒಪ್ಪಲಿಲ್ಲ. ಎರಡು ಬೇರೆ ಜೀವಿಗಳು ಸೇರಿ ಒಂದೇ ಗಿಡದಂತೆ ಬಾಳುವುದು ಅವರಿಗೆ ನಂಬಲು ಕಷ್ಟವಾಯಿತು. 2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು ಕೆಲವು ಕಲ್ಲುಹೂವುಗಳ ಹೊರಪದರದಲ್ಲಿ ಯೀಸ್ಟ್ ರೂಪದ ಇನ್ನೊಂದು ಶಿಲೀಂಧ್ರವೂ ಇರುವುದನ್ನು ತೋರಿಸಿದರು. ಸಂಸಾರ ನಾವು ತಿಳಿದದ್ದಕ್ಕಿಂತ ದೊಡ್ಡದು.

ಇವಕ್ಕೆ ಬೇರಿಲ್ಲ. ಮಳೆ, ಇಬ್ಬನಿ, ಗಾಳಿಯ ದೂಳು ತಂದುಕೊಟ್ಟದ್ದನ್ನೇ ಮೈಯೆಲ್ಲ ಬಾಯಾಗಿ ಹೀರಿಕೊಳ್ಳುತ್ತವೆ. ಗಾಳಿ ಕೆಟ್ಟರೆ ಮೊದಲು ಕೆಡುವವೂ ಇವೇ. ಪ್ಯಾರಿಸ್ಸಿನ ಲಕ್ಸಂಬರ್ಗ್ ಉದ್ಯಾನದ ಮರಗಳ ಕಲ್ಲುಹೂವುಗಳನ್ನು ನೋಡಿ ವಿಲಿಯಂ ನೈಲಾಂಡರ್ 1866ರಲ್ಲೇ ಇವು ಊರಿನ ಗಾಳಿಯ ಗುಣ ಹೇಳುತ್ತವೆ ಎಂದು ಬರೆದ. ನಿಮ್ಮ ಊರಿನ ಲಾಲ್‌ಬಾಗಿನಲ್ಲೂ ಇಂಥ ಅಧ್ಯಯನ ನಡೆದಿದೆ. ಬೆಂಗಳೂರಿನ ಕಲ್ಲುಹೂವುಗಳಲ್ಲಿ ಸೇರಿಕೊಂಡ ಲೋಹಗಳ ಬಗೆಗಿನ ಲೇಖನ 2003ರಲ್ಲಿ ಪ್ರಕಟವಾಯಿತು.

ಅಡುಗೆಮನೆಯ ಪ್ರಶ್ನೆಗೂ ಇಲ್ಲೇ ಉತ್ತರಿಸಿಬಿಡುತ್ತೇನೆ. ಮರಾಠಿ ಮೊಗ್ಗಿನ ಪಕ್ಕದಲ್ಲಿ ಅಂಗಡಿಯವರು ಇಟ್ಟಿರುವ, ಮೇಲೆ ಬೂದು, ಕೆಳಗೆ ಕಪ್ಪು ಬಣ್ಣದ ಒಣಗಿದ ಚೂರುಗಳು ಇದೇ ಬಳಗದವು. ಹೆಚ್ಚಾಗಿ ಪಾರ್ಮೊಟ್ರೀಮಾ ಎಂಬ ಕುಲದವು. ಮಳೆ ಹೆಚ್ಚಿರುವ ಮಲೆಗಳಲ್ಲಿ ಮರದ ತೊಗಟೆಯಿಂದ ಬಿಡಿಸಿ ತರುತ್ತಾರೆ. ರಾಮನಗರದ ಬಟ್ಟಬಯಲು ಬಂಡೆಯ ಮೇಲೆ ನೀವು ನೋಡುವುದರಲ್ಲಿ ಬಹುಪಾಲು ಬೇರೆ ಜಾತಿಗಳು, ಕಲ್ಲಿಗೇ ಅಂಟಿ ಬೆಳೆದವು. ಅವನ್ನು ಕೆರೆದು ತಂದು ಸಾರಿಗೆ ಹಾಕುವ ಯೋಚನೆ ಬೇಡ. ಗಾಳಿಯ ಲೋಹವನ್ನೆಲ್ಲ ಕೂಡಿಟ್ಟುಕೊಳ್ಳುವ ಜೀವಿ ಅದು.

ಅಕ್ಕಸಾಲಿಗರು ಬಳಸುವ ಹತ್ತು ಪಟ್ಟಿನ ಮಡಚುವ ಭೂತಗನ್ನಡಿಯೊಂದನ್ನು ಕೊಂಡುಕೊಳ್ಳಿ. ಮುಂದಿನ ಲೆನ್ಸಿಗೆ ಕೂಡಿಡುತ್ತಿರುವ ದುಡ್ಡಿನಲ್ಲಿ ಇಷ್ಟು ಖರ್ಚು ಮಾಡಿದರೆ ಮೋಸವಿಲ್ಲ. ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಮುಖವನ್ನೇ ಬಂಡೆಯ ಹತ್ತಿರ ಒಯ್ಯಬೇಕು. ಬೂದು ಕಲೆ ಎಂದುಕೊಂಡದ್ದು ಬಿರುಕು ಬಿಟ್ಟ ಕೆರೆಯಂಗಳದ ಹಾಗೆ ಸಣ್ಣ ಸಣ್ಣ ಚೌಕಗಳಾಗಿ ಒಡೆದಿರುವುದು ಕಾಣುತ್ತದೆ. ಆ ಚೌಕಗಳ ನಡುವೆ ಅಲ್ಲಲ್ಲಿ ಅಂಚು ಕಟ್ಟಿದ ಪುಟ್ಟ ಬಟ್ಟಲುಗಳು. ಅವು ಶಿಲೀಂಧ್ರ ತನ್ನ ಬೀಜಕಣಗಳನ್ನು ತಯಾರಿಸುವ ಜಾಗ. ಇನ್ನು ಕೆಲವದರ ಮೇಲೆ ಹಿಟ್ಟು ಉದುರಿಸಿದಂಥ ಪುಡಿ. ಆ ಒಂದೊಂದು ಕಣದಲ್ಲೂ ಶಿಲೀಂಧ್ರದ ಎಳೆ, ಪಾಚಿಯ ಕೋಶ ಎರಡೂ ಇರುತ್ತವೆ. ಗಾಳಿಗೋ ಮಳೆಹನಿಗೋ ಹಾರಿ ಬೇರೆಡೆ ಬಿದ್ದರೆ ಸಂಸಾರ ಸಮೇತ ಹೊಸ ಮನೆ ಹೂಡುತ್ತವೆ. ಬಂಡೆಗೆ ಪೂರ್ತಿ ಅಂಟಿಕೊಂಡವು, ಎಲೆಯಂತೆ ಅಂಚು ಎದ್ದವು, ಪೊದೆಯಂತೆ ಕವಲೊಡೆದವು ಎಂದು ಮೂರು ಬಗೆ ಗುರುತಿಟ್ಟುಕೊಂಡರೆ ಆರಂಭಕ್ಕೆ ಸಾಕು. ಒಣ ಬೆಟ್ಟಗಳಲ್ಲಿ ಮೊದಲನೆಯ ಬಗೆಯೇ ಹೆಚ್ಚು.

ಈಗ ಕಲ್ಲಿನ ಮಾತು. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು, ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನಿಂದ ಬಂದದ್ದು. ಊರು ಆ ಹೆಸರನ್ನು ಬಿಟ್ಟರೂ ಭೂವಿಜ್ಞಾನಿಗಳು ಬಿಟ್ಟಿಲ್ಲ. ದಕ್ಷಿಣದಿಂದ ಉತ್ತರಕ್ಕೆ ರಾಜ್ಯದ ಮಧ್ಯೆ ಉದ್ದಕ್ಕೆ ಹಬ್ಬಿದ ಈ ಶಿಲೆಯನ್ನು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಲಾಲ್‌ಬಾಗಿನ ಬಂಡೆ ಇದಕ್ಕೂ ಹಿರಿದು, ಸುಮಾರು 300 ಕೋಟಿ ವರ್ಷದ್ದು.

ಹೊಸದಾಗಿ ಒಡೆದ ಕಲ್ಲಿನ ಮುಖ ಸಿಕ್ಕರೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ನಸುಗೆಂಪು ಅಥವಾ ಬೂದು ಬಣ್ಣದ ದಪ್ಪ ಹರಳು ಫೆಲ್ಡ್‌ಸ್ಪಾರ್, ಗಾಜಿನಂತೆ ಮಿನುಗುವುದು ಬೆಣಚು, ಕಪ್ಪಗೆ ಹೊಳೆಯುವ ತೆಳು ಹಾಳೆ ಕಾಗೆಬಂಗಾರ. ಕಲ್ಲು ಸವೆಯುವ ಕತೆಯೆಲ್ಲ ಈ ಮೂರರ ಜಗಳ. ಮಳೆನೀರಿಗೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಅದು ಸ್ವಲ್ಪ ಆಮ್ಲೀಯವಾಗಿರುತ್ತದೆ. ಅದು ಬಿರುಕಿಗೆ ಇಳಿದು ಫೆಲ್ಡ್‌ಸ್ಪಾರನ್ನು ನಿಧಾನವಾಗಿ ಜೇಡಿಮಣ್ಣಾಗಿಸುತ್ತದೆ. ಬೆಣಚು ಕರಗುವುದಿಲ್ಲ, ಹಿಡಿದಿಟ್ಟ ಹರಳು ಸಡಿಲವಾದ ಮೇಲೆ ಅದು ಮರಳಾಗಿ ಉದುರುತ್ತದೆ. ಬಂಡೆಯ ಬುಡದಲ್ಲಿ ಬೆರಳಿಗೆ ಚುಚ್ಚುವ ದಪ್ಪ ಮರಳು ಬಿದ್ದಿರುತ್ತದಲ್ಲ, ಅದು ಹೀಗೆ ಆದದ್ದು.

ಹಂಪಿ, ರಾಮನಗರದ ಆ ದುಂಡು ಗುಂಡುಗಳನ್ನು ಯಾರೋ ಎತ್ತಿ ಒಂದರ ಮೇಲೊಂದು ಇಟ್ಟಂತೆ ಕಾಣುತ್ತದೆ. ಅವು ಉರುಳಿ ಬಂದವಲ್ಲ, ಬಹುಪಾಲು ಇದ್ದಲ್ಲೇ ದುಂಡಗಾದವು. ನೆಲದೊಳಗಿದ್ದಾಗಲೇ ಬಂಡೆಯಲ್ಲಿ ಅಡ್ಡ, ಉದ್ದ ಬಿರುಕುಗಳಿದ್ದವು. ಅವುಗಳೊಳಗೆ ನೀರಿಳಿದು ದೊಡ್ಡ ದೊಡ್ಡ ಇಟ್ಟಿಗೆಗಳಂತೆ ಬೇರ್ಪಟ್ಟ ಕಲ್ಲನ್ನು ಎಲ್ಲ ಕಡೆಯಿಂದ ಸವೆಸಿತು. ಮೂಲೆಗೆ ಮೂರು ಕಡೆಯಿಂದ, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ ಪೆಟ್ಟು. ಮೂಲೆ ಮೊದಲು ಹೋಗಿ, ಅಂಚು ಆಮೇಲೆ ಹೋಗಿ, ಕಲ್ಲು ದುಂಡಗಾಯಿತು. ಸುತ್ತಲಿನ ಕೊಳೆತ ಮಣ್ಣು ಕೊಚ್ಚಿಹೋದ ಮೇಲೆ ಗುಂಡುಗಳು ಗುಡ್ಡೆಗುಡ್ಡೆಯಾಗಿ ಉಳಿದವು.

ಸಾವನದುರ್ಗದಂಥ ಏಕಶಿಲೆಯ ಬೆಟ್ಟದಲ್ಲಿ ಇನ್ನೊಂದು ನೋಟವಿದೆ. ಮೇಲಿನ ಭಾರ ಸವೆದು ಹೋದಂತೆಲ್ಲ ಒಳಗಿನ ಕಲ್ಲು ಹಿಗ್ಗಿ, ಮೈಗೆ ಸಮಾನಾಂತರವಾಗಿ ಹಾಳೆ ಹಾಳೆಯಾಗಿ ಏಳುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ: ಅಂಟಿಕೊಂಡ ಕಡೆ ಸದ್ದೇ ಇಲ್ಲ, ಎದ್ದ ಕಡೆ ಟೊಳ್ಳು ಸದ್ದು. ಟೊಳ್ಳು ಸದ್ದು ಬಂದ ಕಡೆ ಕಾಲಿಡಬೇಡಿ, ಇಳಿಜಾರಿನಲ್ಲಂತೂ ಸಲ್ಲದು. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಶಿಲಾಗೋರಿಗಳನ್ನು ಕಟ್ಟಿದವರು ತಮ್ಮ ತೆಳು ಚಪ್ಪಡಿಗಳನ್ನು ಪಡೆದದ್ದು ಹೀಗೆ ಎದ್ದ ಹಾಳೆಗಳಿಂದಲೇ. ಕಲ್ಲು ಸವೆಯುವ ರೀತಿಯನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಅಲ್ಲಿಗೆ ಹೋದರೆ ಗೋರಿಗಳ ಜೊತೆಗೆ ಪಕ್ಕದ ಬಂಡೆಯ ಅಂಚನ್ನೂ ಫೋಟೋ ತೆಗೆಯಿರಿ. ಚಪ್ಪಡಿಯ ದಪ್ಪ, ಹಾಳೆಯ ದಪ್ಪ ಹೋಲಿಸಿ ನೋಡಬಹುದು. ಬಳ್ಳಾರಿ ಪಕ್ಕದ ಸಂಗನಕಲ್ಲು–ಕುಪ್ಪಗಲ್ಲಿನ ಬೆಟ್ಟದಲ್ಲಿ ಡೋಲರೈಟಿನ ಕಪ್ಪು ಕಲ್ಲಿನ ಮೇಲೆ ಕುಟ್ಟಿ ಮೂಡಿಸಿದ ಎತ್ತು, ಮನುಷ್ಯರ ಚಿತ್ರಗಳಿವೆ. ಕುಟ್ಟಿದಾಗ ಕಪ್ಪು ಹೊರಪದರ ಹೋಗಿ ತಿಳಿ ಬಣ್ಣ ಕಾಣುತ್ತದೆ, ಕಾಲ ಕಳೆದಂತೆ ಅದೂ ಮತ್ತೆ ಕಪ್ಪಾಗುತ್ತದೆ. ಅಕ್ಕಪಕ್ಕದ ಎರಡು ಚಿತ್ರಗಳಲ್ಲಿ ಯಾವುದು ಹೆಚ್ಚು ಕಪ್ಪಾಗಿದೆ ಎಂದು ನೋಡುವುದೇ ಒಂದು ಒಳ್ಳೆಯ ಪಾಠ.

ಕಲ್ಲುಹೂವು ಬಂಡೆಯನ್ನು ತಿನ್ನುತ್ತದೆಯೇ? ತಿನ್ನುತ್ತದೆ, ಆದರೆ ಬಹಳ ನಿಧಾನ. ಅದರ ಎಳೆಗಳು ಹರಳುಗಳ ಸಂದಿಗೆ ಇಳಿಯುತ್ತವೆ. ನೆನೆದಾಗ ಉಬ್ಬಿ ಒಣಗಿದಾಗ ಕುಗ್ಗುವ ಮೈ ಕಲ್ಲಿನ ಕಣವನ್ನು ಎಳೆದಾಡುತ್ತದೆ. ಆಕ್ಸಾಲಿಕ್ ಆಮ್ಲದಂಥ ಆಮ್ಲಗಳೂ ಕೆಲಸ ಮಾಡುತ್ತವೆ. ಕೆಲವು ಕಡೆ ಇದೇ ಪದರ ಮಳೆಗಾಳಿಯ ನೇರ ಪೆಟ್ಟಿನಿಂದ ಕಲ್ಲನ್ನು ಕಾಪಾಡುವುದನ್ನೂ ಸಂಶೋಧಕರು ಕಂಡಿದ್ದಾರೆ. ಹಾಗಾಗಿ ಹಳೆಯ ಗುಡಿ, ಶಾಸನಗಳ ವಿಷಯದಲ್ಲಿ ತೆಗೆಯಬೇಕೋ ಬಿಡಬೇಕೋ ಎನ್ನುವುದನ್ನು ಸಂರಕ್ಷಣಾ ತಜ್ಞರು ಕಲ್ಲು ಕಲ್ಲಿಗೆ ಬೇರೆಯಾಗಿ ತೀರ್ಮಾನಿಸುತ್ತಾರೆ. ಶಾಸನದ ಅಕ್ಷರ ಚೆನ್ನಾಗಿ ಕಾಣಲಿ ಎಂದು ಚಾಕುವಿನಿಂದ, ಬ್ರಶ್ಶಿನಿಂದ ಉಜ್ಜುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕಲ್ಲುಹೂವಿನ ಜೊತೆ ಅಕ್ಷರದ ಅಂಚೂ ಎದ್ದುಬರುತ್ತದೆ. ಕಲ್ಲಿಗಂಟಿದ ಜಾತಿಗಳಲ್ಲಿ ಅನೇಕವು ವರ್ಷಕ್ಕೆ ಒಂದು ಮಿಲಿಮೀಟರೂ ಬೆಳೆಯುವುದಿಲ್ಲ. ಅಂಗೈ ಅಗಲದ ಮಚ್ಚೆಯನ್ನು ಒಂದು ನಿಮಿಷದಲ್ಲಿ ಕೆರೆದು ತೆಗೆದರೆ ಎಷ್ಟು ಕಾಲದ ಬಾಳು ಹೋಯಿತು ಎಂದು ನೀವೇ ಲೆಕ್ಕ ಹಾಕಿ. ಈ ನಿಧಾನವನ್ನೇ ಗಡಿಯಾರ ಮಾಡಿಕೊಂಡು ಆಸ್ಟ್ರಿಯಾದ ರೋಲಂಡ್ ಬೆಷೆಲ್ 1950ರ ದಶಕದಲ್ಲಿ ಹಿಮನದಿಗಳು ಬಿಟ್ಟುಹೋದ ಕಲ್ಲುಗಳ ವಯಸ್ಸು ಅಳೆಯುವ ಕ್ರಮ ರೂಪಿಸಿದ. ಆದರೆ ಆಲ್ಪ್ಸ್ ಬೆಟ್ಟದ ಲೆಕ್ಕವನ್ನು ಮಧುಗಿರಿಗೆ ತಂದು ಹಚ್ಚಲು ಬಾರದು. ಬಿಸಿಲು, ಮಳೆ, ಜಾತಿ ಎಲ್ಲ ಬೇರೆ.

ಇನ್ನು ಬಣ್ಣಗಳನ್ನು ಓದುವ ಬಗೆ. ಬೆಟ್ಟದ ಮೇಲಿಂದ ಕೆಳಕ್ಕೆ ಇಳಿದ ಕಪ್ಪು ಪಟ್ಟೆಗಳು ಮಳೆನೀರು ಹರಿಯುವ ದಾರಿ. ಅಲ್ಲಿ ಸಯನೋಬ್ಯಾಕ್ಟೀರಿಯಾಗಳು, ಅವನ್ನೇ ಜೊತೆಗಿಟ್ಟುಕೊಂಡ ಕಪ್ಪು ಕಲ್ಲುಹೂವುಗಳು ಇರುತ್ತವೆ. ಬೇಸಿಗೆಯಿಡೀ ಒಣಗಿ ಬಿದ್ದಿದ್ದು ಒಂದು ಮಳೆಗೆ ಜೀವ ತಳೆಯುತ್ತವೆ. ಪಟ್ಟೆ ಹಿಡಿದು ಮೇಲಕ್ಕೆ ಹೋದರೆ ಎಷ್ಟೋ ಸಲ ದೊಣೆ ಸಿಗುತ್ತದೆ. ದೊಣೆಯೂ ನೀರೇ ಕೊರೆದದ್ದು. ಸಣ್ಣ ತಗ್ಗಿನಲ್ಲಿ ನಿಂತ ನೀರು ಫೆಲ್ಡ್‌ಸ್ಪಾರನ್ನು ಕೊಳೆಸಿ ತಗ್ಗನ್ನು ಇನ್ನಷ್ಟು ಆಳ ಮಾಡಿರುತ್ತದೆ. ದೊಣೆ ಇದ್ದಲ್ಲಿ ಹಕ್ಕಿಗೆ ನೀರು, ಕಪ್ಪೆಗೆ ಸಂತಾನ, ಮುಂಜಾವಿಗೆ ಹೆಜ್ಜೆಗುರುತು. ಪಕ್ಕದಲ್ಲಿ ಓಡಾಡುವುದಕ್ಕಿಂತ ಹತ್ತಾರು ಮಾರು ದೂರದಲ್ಲಿ, ಬಂಡೆಗೆ ಬೆನ್ನು ಕೊಟ್ಟು ಕೂರುವುದು ಮೇಲು.

ಗುಂಡಿನ ನೆತ್ತಿಯ ಮೇಲೆ ಮಾತ್ರ ಕಿತ್ತಳೆ ಅಥವಾ ಹಳದಿ ಮಚ್ಚೆ ದಟ್ಟವಾಗಿದ್ದರೆ ಅಲ್ಲಿ ಹಕ್ಕಿ ಕೂರುತ್ತಿರಬಹುದು. ಹಿಕ್ಕೆಯ ಸಾರಜನಕವನ್ನು ಇಷ್ಟಪಟ್ಟು ಬೆಳೆಯುವ ಕಲ್ಲುಹೂವುಗಳಿವೆ, ಅವುಗಳಲ್ಲಿ ಕಿತ್ತಳೆ ಬಣ್ಣದವು ಬಹಳ. ಸಂದಿನ ಬಾಯಿಂದ ಕೆಳಕ್ಕೆ ಇಳಿದ ಸುಣ್ಣದಂಥ ಹಸಿ ಬಿಳಿ ಗೆರೆ ಹಿಕ್ಕೆಯದೇ. ಅದು ಕೊಂಬಿನ ಗೂಬೆಯ ಜಾಗವಿರಬಹುದು. ಕೆಳಗೆ ಎಲುಬು, ಕೂದಲು ಸೇರಿದ ಉಂಡೆಗಳು ಬಿದ್ದಿದ್ದರೆ ಅನುಮಾನವೇ ಬೇಡ. ರಾಮದೇವರ ಬೆಟ್ಟದ ಕಡಿದಾದ ಗೋಡೆಗಳಲ್ಲಿ ಇಂಥ ಬಿಳಿ ಗೆರೆ ಉದ್ದಕೊಕ್ಕಿನ ರಣಹದ್ದಿನದಾಗಿರಬಹುದು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನೋವಿನ ಔಷಧ ಸತ್ತ ದನದ ಮಾಂಸದ ಮೂಲಕ ದೇಶದ ರಣಹದ್ದುಗಳನ್ನು ಅಳಿವಿನಂಚಿಗೆ ತಂದಿತು. 2006ರಲ್ಲಿ ಅದನ್ನು ಪಶುವೈದ್ಯದಲ್ಲಿ ನಿಷೇಧಿಸಲಾಯಿತು, 2012ರಲ್ಲಿ ಈ ಬೆಟ್ಟ ರಣಹದ್ದು ಧಾಮವಾಯಿತು. ಉಳಿದಿರುವುದು ಕೆಲವೇ ಹಕ್ಕಿಗಳು. ದೂರದಿಂದ ದುರ್ಬೀನಿನಲ್ಲಿ ನೋಡಿ ತೃಪ್ತಿಪಡಬೇಕು.

ನೀವು ಖಂಡಿತ ನೋಡಬಹುದಾದ ಪ್ರಾಣಿ ಬಂಡೆ ಓತಿಕ್ಯಾತ. ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲೆಲ್ಲ ಇದೆ. ಹೆಣ್ಣು ಕಂದು, ಬೂದು ಚುಕ್ಕೆಗಳದ್ದು. ಕಲ್ಲುಹೂವು ಹಬ್ಬಿದ ಬಂಡೆಯ ಮೇಲೆ ಕೂತರೆ ಕಣ್ಣೆದುರಿಗಿದ್ದರೂ ಕಾಣುವುದಿಲ್ಲ. ಸಂತಾನಕಾಲದಲ್ಲಿ ಗಂಡಿನ ಮೈ ಕಡುಬಣ್ಣಕ್ಕೆ ತಿರುಗುತ್ತದೆ, ಅದೂ ಒಂದೇ ಬಣ್ಣವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದನ್ನು ಚೆನ್ನಾಗಿ ಅಭ್ಯಾಸ ಮಾಡಿದ್ದಾರೆ. ಹೆಣ್ಣಿನ ಎದುರು ಬೆನ್ನು ಕೆಂಪು, ಪಕ್ಕ ಕಪ್ಪು. ಇನ್ನೊಂದು ಗಂಡು ಎದುರಾದರೆ ಬೆನ್ನು ಹಳದಿ, ಪಕ್ಕ ಕಿತ್ತಳೆ. ಬದಲಾವಣೆ ನೋಡನೋಡುತ್ತಿದ್ದಂತೆ ನಡೆಯುತ್ತದೆ. ಆದ್ದರಿಂದ ಕೆಂಪು ಗಂಡು ಕಂಡರೆ ಅದರ ಫೋಟೋ ತೆಗೆದು ಹೊರಡಬೇಡಿ, ಹತ್ತಿರದಲ್ಲೇ ಹೆಣ್ಣು ಎಲ್ಲಿದೆ ಎಂದು ಹುಡುಕಿ. ನೇರವಾಗಿ ಅದರತ್ತ ನಡೆದರೆ ಬಂಡೆಯ ಆಚೆ ಮಗ್ಗುಲಿಗೆ ಸರಿದುಬಿಡುತ್ತದೆ. ಓರೆಯಾಗಿ, ಬಗ್ಗಿ, ನಿಮ್ಮ ನೆರಳು ಅದರ ಮೇಲೆ ಬೀಳದಂತೆ ಸರಿದು, ನಡುನಡುವೆ ನಿಲ್ಲುತ್ತ ಹೋಗಿ. ತಲೆ ಆಡಿಸುವುದನ್ನು, ಮುಂಗಾಲ ಮೇಲೆ ಮೈ ಎತ್ತಿ ಇಳಿಸುವುದನ್ನು ಮತ್ತೆ ಶುರು ಮಾಡಿತು ಎಂದರೆ ನಿಮ್ಮನ್ನು ಲೆಕ್ಕದಿಂದ ಬಿಟ್ಟಿದೆ ಎಂದರ್ಥ. ಆಗ ಕ್ಯಾಮೆರಾವನ್ನು ಅದರ ಕಣ್ಣಿನ ಮಟ್ಟಕ್ಕೆ ತಂದು ಕಣ್ಣಿಗೇ ಫೋಕಸ್ ಕೊಡಿ.

ಅದೃಷ್ಟವಿದ್ದರೆ ಅದೇ ಬೆಟ್ಟದ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರ ಸಿಗುತ್ತದೆ. ದಕ್ಷಿಣ ಭಾರತದ ಬಂಡೆ ಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ; ಅಪಾಯದಲ್ಲಿರುವ ಜಾತಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಇಂಥ ಬೆಟ್ಟಗಳನ್ನು ಕಲ್ಲುಕ್ವಾರಿಗೆ ಕೊಡುವಾಗ ಕಾಗದದಲ್ಲಿ ಬರಡು ಬಂಡೆ ಎಂದು ಬರೆಯಲಾಗುತ್ತದೆ. ನಿಮ್ಮಂಥವರ ಚಿತ್ರಗಳು, ದಿನಾಂಕ ಸಮೇತ ಇಟ್ಟುಕೊಂಡವು, ಆ ಮಾತಿಗೆ ಸಾಕ್ಷಿಸಹಿತ ಉತ್ತರವಾಗಬಲ್ಲವು. ನಾನು ಫೋಟೋಗ್ರಫಿಯ ಬಗ್ಗೆ ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಬೆಳಕಿನ ಆಯ್ಕೆ ಕಲ್ಲಿಗೂ ಕಲ್ಲುಹೂವಿಗೂ ಒಂದೇ ಅಲ್ಲ. ಸವೆದ ಕಲ್ಲಿನ ಉಬ್ಬು ತಗ್ಗು, ಶಾಸನ, ಕುಟ್ಟಿದ ಚಿತ್ರ ಇವಕ್ಕೆ ಓರೆ ಬಿಸಿಲು ಬೇಕು: ಹೊತ್ತು ಹುಟ್ಟಿದ ಮೊದಲ ಗಂಟೆ, ಮುಳುಗುವ ಮುಂಚಿನ ಗಂಟೆ. ಕಲ್ಲುಹೂವಿಗೆ ಮೋಡದ ಬೆಳಕು ಒಳ್ಳೆಯದು. ಮೋಡವಿಲ್ಲದಿದ್ದರೆ ಸ್ನೇಹಿತರ ನೆರಳೋ ಕೊಡೆಯೋ ಸಾಕು. ಮೊಬೈಲಿನಲ್ಲಿ ಪರದೆ ಮುಟ್ಟಿ ಫೋಕಸ್ ಗಟ್ಟಿ ಮಾಡಿಕೊಂಡು, ಬೆಳಕನ್ನು ಒಂದು ಮೆಟ್ಟಿಲು ಇಳಿಸಿ. ಬಿಳಿ ಮಚ್ಚೆಗಳು ಬಹಳ ಬೇಗ ಸುಟ್ಟಂತೆ ಕಾಣುತ್ತವೆ. ಫೋನನ್ನು ಬಂಡೆಯ ಮುಖಕ್ಕೆ ಸರಿಯಾಗಿ ಸಮಾನಾಂತರವಾಗಿ ಹಿಡಿದರೆ ಅಂಚಿನಿಂದ ಅಂಚಿಗೆ ಸ್ಪಷ್ಟವಾಗಿ ಬರುತ್ತದೆ.

ಒಂದೇ ಕಲ್ಲುಹೂವನ್ನು ಒಣಗಿದ್ದಾಗ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ತೆಗೆಯಿರಿ. ನೆನೆದಾಗ ಮೇಲ್ಪದರ ಪಾರದರ್ಶಕವಾಗಿ ಒಳಗಿನ ಪಾಚಿಯ ಹಸಿರು ಹೊರಗೆ ಕಾಣುತ್ತದೆ. ಬೂದಿ ಬಣ್ಣದ್ದು ಕೆಲವೇ ನಿಮಿಷದಲ್ಲಿ ಹಸಿರಾಗುವುದನ್ನು ಮಕ್ಕಳಿಗೆ ತೋರಿಸಿದರೆ ಅವರು ಅಲ್ಲಿಂದ ಏಳುವುದಿಲ್ಲ. ಆದರೆ ಬಣ್ಣಕ್ಕಾಗಿ ನಡುಹಗಲಿನಲ್ಲಿ ನೀರು ಚಿಮುಕಿಸಬೇಡಿ. ನೆನೆದ ಕೂಡಲೇ ಅದರ ಉಸಿರಾಟ ಜೋರಾಗಿ, ಕೂಡಿಟ್ಟ ಆಹಾರ ಖರ್ಚಾಗುತ್ತದೆ. ಬಿಸಿಲಿಗೆ ಬೇಗ ಒಣಗಿದರೆ ಖರ್ಚಾದದ್ದನ್ನು ದುಡಿದುಕೊಳ್ಳಲು ಅದಕ್ಕೆ ಹೊತ್ತೇ ಸಿಗುವುದಿಲ್ಲ.

ಪ್ರತಿ ಜಾಗದಲ್ಲೂ ಮೂರು ಚಿತ್ರ ಇರಲಿ: ಬಂಡೆ ಪೂರ್ತಿ, ಮಚ್ಚೆ ಪೂರ್ತಿ, ಆಮೇಲೆ ಮಚ್ಚೆಯ ಅಂಚಿನ ಹತ್ತಿರದ ನೋಟ. ಎರಡನೆಯದರಲ್ಲಿ ಅಳತೆಗೆ ಹತ್ತು ರೂಪಾಯಿ ನಾಣ್ಯವಿಡಿ, ಅದರ ಅಡ್ಡಳತೆ 27 ಮಿಲಿಮೀಟರ್. ಬಂಡೆಯ ಆ ಮುಖ ಯಾವ ದಿಕ್ಕಿಗಿದೆ ಎಂದು ಬರೆದುಕೊಳ್ಳಿ. ದಕ್ಷಿಣ ಮುಖದ ಮತ್ತು ಉತ್ತರ ಮುಖದ ಜಾತಿಗಳು ಒಂದೇ ಗುಂಡಿನ ಮೇಲೂ ಬೇರೆಯಾಗಿರುತ್ತವೆ. ವರ್ಷಕ್ಕೊಮ್ಮೆ ಅದೇ ಮಚ್ಚೆಗೆ ಮರಳಿ, ಅದೇ ಕೋನದಲ್ಲಿ ತೆಗೆಯುತ್ತ ಬಂದರೆ ನಮ್ಮ ಬಿಸಿಲಿನಲ್ಲಿ ಇವು ಎಷ್ಟು ಬೆಳೆಯುತ್ತವೆ ಎಂಬುದಕ್ಕೆ ನಿಮ್ಮದೇ ಲೆಕ್ಕ ಸಿಗುತ್ತದೆ.

ಗೂಡಿನ ಹತ್ತಿರ ಹೋಗುವುದು, ಗೂಬೆಗೆ ಫ್ಲಾಶ್ ಹೊಡೆಯುವುದು, ಹಕ್ಕಿಯನ್ನು ಕರೆಯಲು ಮೊಬೈಲಿನಲ್ಲಿ ಅದರ ಕೂಗು ಹಾಕುವುದು ಬೇಡ. ಕಲ್ಲು ಎತ್ತಿ ನೋಡಿದರೆ, ಇದ್ದಂತೆಯೇ ಮರಳಿ ಇಡಿ. ಅದರಡಿಯ ತಂಪೇ ಚೇಳಿನ, ಹಲ್ಲಿಯ ಮನೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕು. ಬಂಡೆಯ ಸಂದು, ಗವಿಗಳಿಗೆ ನುಗ್ಗಬೇಡಿ, ಕತ್ತಲಾಗುವ ಮುಂಚೆ ಇಳಿದುಬಿಡಿ. ಈ ಬೆಟ್ಟಗಳಲ್ಲಿ ಚಿರತೆಯೂ ಕರಡಿಯೂ ಇವೆ. ಕರಡಿ ನೋಡುವ ಆಸೆ ಇದ್ದರೆ ಹಂಪಿಯ ಹತ್ತಿರ ದರೋಜಿ ಕರಡಿಧಾಮದ ವೀಕ್ಷಣಾ ಗೋಪುರವಿದೆ, ಸಂಜೆ ಬಂಡೆಗಳಿಂದ ಇಳಿದು ಬರುವುದನ್ನು ಅಲ್ಲಿಂದ ನೆಮ್ಮದಿಯಾಗಿ ನೋಡಬಹುದು.

ಕೊನೆಗೆ ಹೆಸರಿನ ವಿಷಯ. ಓತಿಕ್ಯಾತ, ಹಕ್ಕಿಗಳ ಹೆಸರು ಫೋಟೋದಿಂದ ತಿಳಿಯುತ್ತದೆ. ಕಲ್ಲಿಗಂಟಿದ ಕಲ್ಲುಹೂವುಗಳ ಜಾತಿಯನ್ನು ಫೋಟೋ ನೋಡಿ ಹೇಳುವುದು ಬಹಳ ಸಲ ಆಗದು. ತಜ್ಞರು ಸೂಕ್ಷ್ಮದರ್ಶಕದಲ್ಲಿ ಬೀಜಕಣ ನೋಡುತ್ತಾರೆ, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಹನಿ ಹಾಕಿ ಬಣ್ಣ ಬದಲಾಗುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಭಾರತದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜಾತಿಗಳು ದಾಖಲಾಗಿವೆ. ಧರಣೀಧರ ಅವಸ್ಥಿ ಅವರು ಈ ಶಾಸ್ತ್ರವನ್ನು ಇಲ್ಲಿ ಕಟ್ಟಿ ಬೆಳೆಸಿದವರು, ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ದೊಡ್ಡ ಮಾದರಿ ಸಂಗ್ರಹವಿದೆ. ಸದ್ಯಕ್ಕೆ ನೀವು ಬಣ್ಣ, ಬಗೆ, ಬಟ್ಟಲು ಇದೆಯೋ ಇಲ್ಲವೋ, ಪುಡಿ ಇದೆಯೋ ಇಲ್ಲವೋ, ದಿಕ್ಕು, ದಿನಾಂಕ ಇಷ್ಟನ್ನು ಬರೆದಿಟ್ಟುಕೊಳ್ಳಿ. ಜಾತಿಯ ಹೆಸರಿನ ಜಾಗವನ್ನು ಖಾಲಿ ಬಿಡಿ. ಮುಂದೆ ಗೊತ್ತಿರುವವರು ಸಿಕ್ಕಾಗ ತುಂಬಿಕೊಳ್ಳಬಹುದು.